ಚುನಾವಣಾ ಪ್ರಚಾರದಲ್ಲಿ ಸಾಮಾಜಿಕ ಜಾಲತಾಣಗಳು: ಬೆಂಬಲಿಗರ ಸಂಘಟನೆಯ ವಿಧಾನ ಮತ್ತು ವೆಚ್ಚದ ಲೆಕ್ಕ

ಪೀಠಿಕೆ

ಚುನಾವಣೆಗೆ ಸ್ಪರ್ಧಿಸುವ ಅಭ್ಯರ್ಥಿಗಳು ಹಾಗೂ ರಾಜಕೀಯ ಪಕ್ಷಗಳು ಮತದಾರರನ್ನು ತಲುಪಲು ಸಭೆ, ಮೆರವಣಿಗೆ, ಕರಪತ್ರ, ಭಿತ್ತಿಪತ್ರ, ಧ್ವನಿವರ್ಧಕ ಮತ್ತು ಮನೆ ಮನೆ ಭೇಟಿಯನ್ನು ಬಹುಕಾಲದಿಂದ ಅವಲಂಬಿಸಿಕೊಂಡು ಬಂದಿರುತ್ತಾರೆ. ಕಳೆದ ಎರಡು ದಶಕಗಳಲ್ಲಿ ಇವುಗಳ ಸಾಲಿಗೆ ಫೇಸ್‌ಬುಕ್, ಯೂಟ್ಯೂಬ್, ಎಕ್ಸ್ (ಹಿಂದಿನ ಟ್ವಿಟರ್), ಇನ್‌ಸ್ಟಾಗ್ರಾಂ, ವಾಟ್ಸ್‌ಆಪ್ ಮುಂತಾದ ಸಾಮಾಜಿಕ ಜಾಲತಾಣಗಳು ಸೇರ್ಪಡೆಯಾಗಿವೆ.

ಸದರಿ ಮಾಧ್ಯಮದ ಬಗ್ಗೆ ಸಾರ್ವಜನಿಕರಲ್ಲಿ ಎರಡು ಭಾವನೆಗಳು ರೂಢಿಯಲ್ಲಿವೆ. ಇದು ಹೊಸ ಬಗೆಯ ಭಿತ್ತಿಪತ್ರವೇ ಹೊರತು ಬೇರೇನೂ ಅಲ್ಲ ಎಂಬುದು ಒಂದು. ಇದಕ್ಕೆ ಖರ್ಚು ತಗಲುವುದಿಲ್ಲ ಎಂಬುದು ಮತ್ತೊಂದು. ಎರಡೂ ಸರಿಯಲ್ಲ. ಭಿತ್ತಿಪತ್ರವು ನೋಡಿದವರಿಗೆ ವಿಷಯ ತಿಳಿಸಿ ಅಲ್ಲಿಗೆ ನಿಲ್ಲುತ್ತದೆ. ಸಾಮಾಜಿಕ ಜಾಲತಾಣವಾದರೋ ನೋಡಿದವರ ಹೆಸರು, ಊರು, ದೂರವಾಣಿ ಸಂಖ್ಯೆಗಳನ್ನು ಪಡೆದುಕೊಂಡು, ಅವರಿಗೆ ಒಂದು ಕೆಲಸವನ್ನು ವಹಿಸಿ, ಅವರ ಮುಖಾಂತರ ಅವರ ಬಂಧುಮಿತ್ರರನ್ನು ತಲುಪುತ್ತದೆ. ಅಂದರೆ ಇಲ್ಲಿ ಮತದಾರರು ಕೇವಲ ಓದುಗರಾಗಿ ಉಳಿಯದೆ, ಅನೇಕ ವೇಳೆ ತಮಗೆ ತಿಳಿಯದೆಯೇ, ಪ್ರಚಾರ ಕಾರ್ಯಕರ್ತರಾಗಿ ಪರಿವರ್ತನೆ ಹೊಂದುತ್ತಾರೆ. ಈ ಪರಿವರ್ತನೆಯು ಹೇಗೆ ನಡೆಯುತ್ತದೆ, ಅದರ ಖರ್ಚನ್ನು ಯಾರು ಭರಿಸುತ್ತಾರೆ ಹಾಗೂ ಕಾನೂನು ಅದನ್ನು ಎಲ್ಲಿಯವರೆಗೆ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ ಎಂಬುದನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

ಈ ವಿಧಾನವು ಮೊದಲು ವ್ಯವಸ್ಥಿತ ರೂಪ ಪಡೆದದ್ದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ. ಆದುದರಿಂದ ಅಲ್ಲಿನ ಅನುಭವವನ್ನು ಮೊದಲು ಪರಿಶೀಲಿಸಿ, ಆ ಬಳಿಕ ಭಾರತದಲ್ಲಿ ಅನ್ವಯಿಸುವ ಸೂಚನೆಗಳನ್ನು ನೀಡಲಾಗಿದೆ.

ಹಿನ್ನೆಲೆ: 2003-04ರ ಪ್ರಯೋಗ

2004ರ ಅಧ್ಯಕ್ಷ ಚುನಾವಣೆಗೆ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯಾಗಲು ಬಯಸಿದವರ ಪೈಕಿ ವರ್ಮಾಂಟ್ ರಾಜ್ಯದ ಮಾಜಿ ಗವರ್ನರ್ ಹೊವಾರ್ಡ್ ಡೀನ್ ಅವರೂ ಒಬ್ಬರು. ಆರಂಭದಲ್ಲಿ ಅವರಿಗೆ ದೊಡ್ಡ ದಾನಿಗಳಾಗಲೀ ರಾಷ್ಟ್ರಮಟ್ಟದ ಸಂಘಟನೆಯಾಗಲೀ ಇರಲಿಲ್ಲ. ಸಮಾನ ಆಸಕ್ತಿಯುಳ್ಳವರು ತಮ್ಮ ತಮ್ಮ ಊರಿನಲ್ಲಿ ಒಂದೆಡೆ ಸೇರಲು ಅನುವು ಮಾಡಿಕೊಡುತ್ತಿದ್ದ ಮೀಟ್ಅಪ್ ಎಂಬ ಅಂತರ್ಜಾಲ ತಾಣದಲ್ಲಿ ಅವರ ಬೆಂಬಲಿಗರು ತಾವಾಗಿಯೇ ಸಭೆಗಳನ್ನು ಏರ್ಪಡಿಸತೊಡಗಿದ್ದನ್ನು ಗಮನಿಸಿದ ಪ್ರಚಾರ ವ್ಯವಸ್ಥಾಪಕ ಜೋ ಟ್ರಿಪ್ಪಿ ಅವರು ಅದನ್ನೇ ಪ್ರಚಾರದ ಬೆನ್ನೆಲುಬಾಗಿ ಮಾಡಿಕೊಂಡರು. 2003ರ ಜುಲೈನಿಂದ ಸೆಪ್ಟೆಂಬರ್‌ವರೆಗಿನ ಒಂದೇ ತ್ರೈಮಾಸಿಕದಲ್ಲಿ ಸುಮಾರು 1 ಕೋಟಿ 48 ಲಕ್ಷ ಡಾಲರ್ ದೇಣಿಗೆ ಸಂಗ್ರಹವಾಯಿತು. ಇದರಲ್ಲಿ ಬಹುಪಾಲು ಸಣ್ಣ ಮೊತ್ತದ ದೇಣಿಗೆಗಳಾಗಿದ್ದವು.

ಆದಾಗ್ಯೂ, 2004ರ ಜನವರಿ 19ರಂದು ಐಯೊವಾ ರಾಜ್ಯದಲ್ಲಿ ನಡೆದ ಮೊದಲ ಆಯ್ಕೆ ಸಭೆಗಳಲ್ಲಿ ಡೀನ್ ಅವರು ಮೂರನೆಯ ಸ್ಥಾನಕ್ಕೆ ಇಳಿದರು. ಆ ವೇಳೆಗೆ ಜಾಲತಾಣದ ಮೂಲಕ ಒಗ್ಗೂಡಿದ ಸುಮಾರು 3,500 ಸ್ವಯಂಸೇವಕರು ದೇಶದ ನಾನಾ ಭಾಗಗಳಿಂದ ಐಯೊವಾಕ್ಕೆ ಬಂದು, ಕಿತ್ತಳೆ ಬಣ್ಣದ ಟೋಪಿ ಧರಿಸಿ ಮನೆ ಮನೆಯ ಬಾಗಿಲು ತಟ್ಟಿದ್ದರು. ಬಾಗಿಲು ತೆರೆದ ಸ್ಥಳೀಯರಿಗೆ ಅವರು ಅಪರಿಚಿತರು. ಪರ ಊರಿನಿಂದ ಬಂದವರು ನಮ್ಮ ಮತದ ಬಗ್ಗೆ ಹೇಳುವುದೇನಿದೆ ಎಂಬ ಅಸಮಾಧಾನವೂ ಕೆಲವೆಡೆ ವ್ಯಕ್ತವಾಗಿತ್ತು. ಸೋಲಿಗೆ ಬೇರೆ ಕಾರಣಗಳೂ ಇದ್ದವು. ಜಾಲತಾಣದಲ್ಲಿ ಕಂಡ ಉತ್ಸಾಹವು ತಾನಾಗಿಯೇ ನೆರೆಹೊರೆಯ ವಿಶ್ವಾಸವಾಗಿ ಮಾರ್ಪಡುವುದಿಲ್ಲ ಎಂಬುದಂತೂ ಆ ಬಳಿಕದ ಪ್ರಚಾರಗಳಿಗೆ ಸ್ಪಷ್ಟವಾಯಿತು.

2008ರ ಅಧ್ಯಕ್ಷ ಚುನಾವಣೆ: ಕೆಲಸ ವಹಿಸುವ ಜಾಲತಾಣ

2007ರ ಫೆಬ್ರವರಿಯಲ್ಲಿ ಬರಾಕ್ ಒಬಾಮ ಅವರು ತಮ್ಮ ಸ್ಪರ್ಧೆಯನ್ನು ಪ್ರಕಟಿಸಿದ ಸಂದರ್ಭದಲ್ಲಿಯೇ ಅವರ ಪ್ರಚಾರ ಸಮಿತಿಯು ತನ್ನದೇ ಆದ ಸಾಮಾಜಿಕ ಜಾಲತಾಣವೊಂದನ್ನು ತೆರೆಯಿತು. ಮೈ ಬರಾಕ್ ಒಬಾಮ ಎಂಬ ಈ ತಾಣದ ಉಸ್ತುವಾರಿಯಲ್ಲಿ ಫೇಸ್‌ಬುಕ್ ಸಂಸ್ಥಾಪಕರಲ್ಲೊಬ್ಬರಾದ ಕ್ರಿಸ್ ಹ್ಯೂಸ್ ಅವರು ಪ್ರಮುಖ ಪಾತ್ರ ವಹಿಸಿದ್ದರು. ಚುನಾವಣೆ ಮುಗಿಯುವ ವೇಳೆಗೆ ಅದರಲ್ಲಿ ಸುಮಾರು 20 ಲಕ್ಷ ಮಂದಿ ನೋಂದಾಯಿತರಾಗಿದ್ದರು, 35 ಸಾವಿರದಷ್ಟು ಸ್ವಯಂಸೇವಕ ಗುಂಪುಗಳು ರಚನೆಯಾಗಿದ್ದವು ಹಾಗೂ ಸುಮಾರು 2 ಲಕ್ಷ ಕಾರ್ಯಕ್ರಮಗಳು ಏರ್ಪಾಡಾಗಿದ್ದವು. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಈ 2 ಲಕ್ಷ ಕಾರ್ಯಕ್ರಮಗಳು ನಡೆದದ್ದು ಅಂತರ್ಜಾಲದಲ್ಲಿ ಅಲ್ಲ; ಮನೆಗಳ ಪಡಸಾಲೆ, ಬಡಾವಣೆಯ ಸಭಾಂಗಣ, ಉದ್ಯಾನಗಳಲ್ಲಿ.

ತಾಣದ ಕಾರ್ಯವಿಧಾನವು ಸರಳವಾಗಿದ್ದಿತು. ನೋಂದಾಯಿಸಿಕೊಳ್ಳುವವರು ತಮ್ಮ ಇ-ಮೇಲ್ ವಿಳಾಸ ಮತ್ತು ಅಂಚೆ ಸಂಕೇತವನ್ನು ನೀಡಬೇಕಿತ್ತು. ಅಂಚೆ ಸಂಕೇತ ದೊರೆತ ಕೂಡಲೇ ಅವರ ಆಸುಪಾಸಿನ ಗುಂಪುಗಳು ಮತ್ತು ಸಭೆಗಳ ವಿವರ ಅವರ ಮುಂದೆ ಬರುತ್ತಿತ್ತು. ನೆರೆಯವರಿಂದ ನೆರೆಯವರಿಗೆ ಎಂಬ ಸೌಲಭ್ಯದಲ್ಲಿ, ಇನ್ನೂ ಮನಸ್ಸು ನಿರ್ಧರಿಸದ ಮತದಾರರ ದೂರವಾಣಿ ಸಂಖ್ಯೆಗಳ ಕಿರುಪಟ್ಟಿಯೊಂದು, ಮಾತನಾಡಬೇಕಾದ ವಿಷಯದ ಟಿಪ್ಪಣಿಯೊಡನೆ, ಸ್ವಯಂಸೇವಕರಿಗೆ ದೊರೆಯುತ್ತಿತ್ತು. ಅವರು ಮನೆಯಿಂದಲೇ ಕರೆ ಮಾಡಿ, ಉತ್ತರವನ್ನು ಅದೇ ತಾಣದಲ್ಲಿ ದಾಖಲಿಸುತ್ತಿದ್ದರು. ದಾಖಲಾದ ಉತ್ತರವು ಕೇಂದ್ರ ಕಚೇರಿಯ ಮತದಾರರ ದತ್ತಾಂಶಕ್ಕೆ ಸೇರುತ್ತಿತ್ತು. ಹೀಗೆ ಒಂದು ಸಂಜೆಯ ಅರ್ಧ ಗಂಟೆಯ ಬಿಡುವು ಸಹ ಲೆಕ್ಕಕ್ಕೆ ಬರುವ ಕೆಲಸವಾಯಿತು. ಮಾಡಿದ ಕರೆ, ನಡೆಸಿದ ಸಭೆ, ಕೂಡಿಸಿದ ದೇಣಿಗೆಗಳಿಗೆ ಅನುಗುಣವಾಗಿ ಅಂಕಗಳನ್ನು ನೀಡುವ ಪದ್ಧತಿಯೂ ಇದ್ದಿತು. 2008ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾದ ಐಫೋನ್ ತಂತ್ರಾಂಶವು ಬಳಕೆದಾರರ ದೂರವಾಣಿಯಲ್ಲಿರುವ ಪರಿಚಿತರ ಹೆಸರುಗಳನ್ನು, ಪೈಪೋಟಿ ತೀವ್ರವಾಗಿದ್ದ ರಾಜ್ಯಗಳವರು ಮೇಲೆ ಬರುವಂತೆ ಜೋಡಿಸಿ ತೋರಿಸುತ್ತಿತ್ತು. ಯಾರಿಗೆ ಕರೆ ಮಾಡಿದರೆ ಪ್ರಯೋಜನ ಹೆಚ್ಚು ಎಂಬುದನ್ನು ಬೆಂಬಲಿಗರು ಯೋಚಿಸುವ ಅಗತ್ಯವೇ ಉಳಿಯಲಿಲ್ಲ.

ಹಣಕಾಸಿನ ವಿಷಯಕ್ಕೆ ಬಂದರೆ, ಅಂತರ್ಜಾಲದ ಮೂಲಕವೇ 50 ಕೋಟಿ ಡಾಲರ್‌ಗೂ ಅಧಿಕ ದೇಣಿಗೆ ಸಂಗ್ರಹವಾಯಿತು. ಸುಮಾರು 30 ಲಕ್ಷ ದಾನಿಗಳು 65 ಲಕ್ಷ ಬಾರಿ ದೇಣಿಗೆ ನೀಡಿದ್ದು, ಆ ಪೈಕಿ 60 ಲಕ್ಷ ದೇಣಿಗೆಗಳು ತಲಾ 100 ಡಾಲರ್ ಅಥವಾ ಅದಕ್ಕಿಂತ ಕಡಿಮೆ ಮೊತ್ತದವು. ದಾನಿಗಳ ಸಂಖ್ಯೆಗೆ ಹೋಲಿಸಿದರೆ ದೇಣಿಗೆಗಳ ಸಂಖ್ಯೆ ಎರಡು ಪಟ್ಟಿಗಿಂತ ಹೆಚ್ಚಿರುವುದನ್ನು ಗಮನಿಸಬಹುದು. ಒಮ್ಮೆ ಸಣ್ಣ ಮೊತ್ತ ನೀಡಿದವರನ್ನು ಮತ್ತೊಮ್ಮೆ ಕೇಳುವುದು, ನೀಡಿದವರನ್ನು ಸಭೆಗೆ ಕರೆಯುವುದು, ಸಭೆಗೆ ಬಂದವರಿಗೆ ಕರೆ ಮಾಡುವ ಪಟ್ಟಿ ಕೊಡುವುದು, ಈ ಏಣಿಯೇ ಪ್ರಚಾರದ ಜೀವಾಳವಾಗಿತ್ತು. ದೇಣಿಗೆ ನೀಡಿದವರು ಅಭ್ಯರ್ಥಿಯ ಗೆಲುವಿನಲ್ಲಿ ತಮಗೂ ಪಾಲಿದೆ ಎಂದು ಭಾವಿಸುವುದು ಸಹಜ.

ಬೆಂಬಲಿಗರು ಕಟ್ಟಿದ ಪುಟ ಯಾರಿಗೆ ಸೇರಿದ್ದು

ಇದೇ ಪ್ರಚಾರದ ಅವಧಿಯಲ್ಲಿ ನಡೆದ ಎರಡು ಪ್ರಸಂಗಗಳು ಅಷ್ಟಾಗಿ ಪ್ರಚಾರ ಪಡೆಯದಿದ್ದರೂ ವಿಷಯದ ತಿರುಳನ್ನು ತೋರಿಸುತ್ತವೆ.

ಮೊದಲನೆಯದು 2007ರದು. ಆಗ ಜನಪ್ರಿಯವಾಗಿದ್ದ ಮೈಸ್ಪೇಸ್ ತಾಣದಲ್ಲಿ ಒಬಾಮ ಅವರ ಹೆಸರಿನ ಪುಟವೊಂದನ್ನು ಬೆಂಬಲಿಗರೊಬ್ಬರು ಸ್ವಂತ ಆಸಕ್ತಿಯಿಂದ ವರ್ಷಗಟ್ಟಲೆ ನಿರ್ವಹಿಸಿ, ಸುಮಾರು 1,60,000 ಮಂದಿಯನ್ನು ಸೇರಿಸಿದ್ದರು. ಪ್ರಚಾರ ಸಮಿತಿಯು ಪುಟವನ್ನು ತನ್ನ ಸುಪರ್ದಿಗೆ ಪಡೆಯಲು ಮುಂದಾದಾಗ, ತಾವು ವ್ಯಯಿಸಿದ ಸಮಯಕ್ಕೆ ಪ್ರತಿಯಾಗಿ ಅವರು 39 ಸಾವಿರ ಡಾಲರ್ ಕೇಳಿದರು. ಸಮಿತಿಯು ಒಪ್ಪಲಿಲ್ಲ. ಅಂತಿಮವಾಗಿ ತಾಣದ ಮಾಲೀಕರು ಪುಟದ ವಿಳಾಸವನ್ನು ಸಮಿತಿಗೆ ವಹಿಸಿಕೊಟ್ಟರು. ಉಚಿತವೆಂದು ಕಂಡ ಕೆಲಸಕ್ಕೆ ಬೆಲೆ ಕಟ್ಟುವ ಪ್ರಶ್ನೆಯು ಹೀಗೆ ಮೊದಲ ಬಾರಿಗೆ ಬಹಿರಂಗವಾಗಿ ಎದುರಾಯಿತು. ಅದಕ್ಕೆ ಸಮಾಧಾನಕರ ಉತ್ತರ ದೊರೆಯಿತೆಂದು ಹೇಳಲಾಗದು.

ಎರಡನೆಯದು 2008ರ ಬೇಸಿಗೆಯದು. ವಿದೇಶಿ ಬೇಹುಗಾರಿಕೆ ನಿಗಾ ಕಾಯಿದೆಗೆ ತರಲಾದ ತಿದ್ದುಪಡಿಗೆ ಸೆನೆಟ್‌ನಲ್ಲಿ ಒಬಾಮ ಅವರು ಬೆಂಬಲ ನೀಡುವ ಸೂಚನೆ ದೊರೆತಾಗ, ಅವರದೇ ತಾಣದಲ್ಲಿ, ಅವರದೇ ಬೆಂಬಲಿಗರು ವಿರೋಧಿ ಗುಂಪೊಂದನ್ನು ರಚಿಸಿದರು. ಕೆಲವೇ ದಿನಗಳಲ್ಲಿ ಅದು ತಾಣದ ಅತಿ ದೊಡ್ಡ ಗುಂಪಾಗಿ ಬೆಳೆಯಿತು. ಒಬಾಮ ಅವರು ಗುಂಪಿಗೆ ಲಿಖಿತ ಉತ್ತರ ನೀಡಿದರು; ಆದರೆ ತಿದ್ದುಪಡಿಯ ಪರವಾಗಿಯೇ ಮತ ಚಲಾಯಿಸಿದರು. ಬೆಂಬಲಿಗರನ್ನು ಕೆಲಸಕ್ಕೆ ಒಗ್ಗೂಡಿಸಿದಷ್ಟು ಸುಲಭವಾಗಿ ತೀರ್ಮಾನದಲ್ಲಿ ಪಾಲುಗೊಳಿಸಲಾಗುವುದಿಲ್ಲ ಎಂಬುದು ಇದರಿಂದ ತಿಳಿದುಬರುತ್ತದೆ. ಗುಂಪನ್ನು ಮುಚ್ಚಲಿಲ್ಲ ಎಂಬುದನ್ನೂ ಇಲ್ಲಿ ದಾಖಲಿಸುವುದು ನ್ಯಾಯ.

ಪರಿಚಿತರ ಮಾತಿಗಿರುವ ಬೆಲೆ

ಪಕ್ಷವೇ ನೇರವಾಗಿ ಸಂದೇಶ ಕಳುಹಿಸಬಹುದಾಗಿರುವಾಗ ಬೆಂಬಲಿಗರ ಮೂಲಕ ಕಳುಹಿಸುವುದೇಕೆ? ಇದಕ್ಕೆ ಅಂಕಿ ಅಂಶಗಳ ಆಧಾರವಿದೆ. 2010ರ ನವೆಂಬರ್ 2ರಂದು ನಡೆದ ಅಮೆರಿಕದ ಸಂಸತ್ ಚುನಾವಣೆಯ ದಿನ ಫೇಸ್‌ಬುಕ್‌ನಲ್ಲಿ ಸುಮಾರು 6 ಕೋಟಿ 10 ಲಕ್ಷ ಬಳಕೆದಾರರ ಮೇಲೆ ಪ್ರಯೋಗವೊಂದನ್ನು ನಡೆಸಲಾಯಿತು. ಅದರ ಫಲಿತಾಂಶವು 2012ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಗಿರುತ್ತದೆ. ಒಂದು ವರ್ಗದವರಿಗೆ ಇಂದು ಮತದಾನದ ದಿನ ಎಂಬ ಮಾಹಿತಿಯನ್ನು ಮಾತ್ರ ತೋರಿಸಲಾಯಿತು. ಬಹುಪಾಲು ಬಳಕೆದಾರರಿಗೆ ಅದರ ಜೊತೆಗೆ ಈಗಾಗಲೇ ಮತ ಚಲಾಯಿಸಿದ್ದೇವೆಂದು ತಿಳಿಸಿದ ಅವರ ಸ್ನೇಹಿತರ ಭಾವಚಿತ್ರಗಳನ್ನೂ ತೋರಿಸಲಾಯಿತು. ಮತ್ತೊಂದು ವರ್ಗಕ್ಕೆ ಏನನ್ನೂ ತೋರಿಸಲಿಲ್ಲ. ಆ ಬಳಿಕ ಸಾರ್ವಜನಿಕ ಮತದಾನ ದಾಖಲೆಗಳೊಡನೆ ತಾಳೆ ನೋಡಲಾಯಿತು.

ಮಾಹಿತಿಯನ್ನು ಮಾತ್ರ ನೋಡಿದವರಿಗೂ ಏನನ್ನೂ ನೋಡದವರಿಗೂ ವ್ಯತ್ಯಾಸ ಕಂಡುಬರಲಿಲ್ಲ. ಸ್ನೇಹಿತರ ಮುಖ ಕಂಡವರಲ್ಲಿ ಮತ ಚಲಾಯಿಸಿದವರ ಪ್ರಮಾಣ ಶೇ. 0.39ರಷ್ಟು ಹೆಚ್ಚಿತ್ತು. ಇದು ಅತ್ಯಲ್ಪವೆಂದು ತೋರಬಹುದು. ಆದರೆ ಬಳಕೆದಾರರ ಸಂಖ್ಯೆ ಕೋಟಿಗಳಲ್ಲಿದ್ದುದರಿಂದ, ನೇರವಾಗಿ ಸುಮಾರು 60 ಸಾವಿರ ಹಾಗೂ ಸ್ನೇಹಿತರಿಂದ ಸ್ನೇಹಿತರಿಗೆ ಹರಡಿದ ಪ್ರಭಾವದಿಂದ ಸುಮಾರು 2 ಲಕ್ಷ 80 ಸಾವಿರ ಹೆಚ್ಚುವರಿ ಮತಗಳು ಚಲಾವಣೆಯಾದವೆಂದು ಅಂದಾಜಿಸಲಾಯಿತು. ಈ ಪ್ರಭಾವವನ್ನು ಹರಡಿದವರು ಜಾಲತಾಣದ ನೂರಾರು ಸ್ನೇಹಿತರಲ್ಲ. ನಿಜ ಜೀವನದಲ್ಲಿಯೂ ಆಪ್ತರಾದ ಕೆಲವೇ ಮಂದಿ.

2012ರ ಚುನಾವಣೆಯಲ್ಲಿ ಒಬಾಮ ಅವರ ಪ್ರಚಾರ ಸಮಿತಿಯು ಇದೇ ತತ್ವವನ್ನು ಬಳಸಿಕೊಂಡಿತು. ಫೇಸ್‌ಬುಕ್ ಮುಖಾಂತರ ಸಮಿತಿಯ ತಂತ್ರಾಂಶವನ್ನು ಒಪ್ಪಿಕೊಂಡ ಬೆಂಬಲಿಗರಿಗೆ, ಅವರ ಸ್ನೇಹಿತರ ಪೈಕಿ ಇಂಥವರಿಗೆ ಇಂಥ ಸಂದೇಶ ಕಳುಹಿಸಿ ಎಂಬ ಸೂಚನೆ ಹೋಗುತ್ತಿತ್ತು. 6 ಲಕ್ಷಕ್ಕೂ ಅಧಿಕ ಬೆಂಬಲಿಗರು ಸುಮಾರು 50 ಲಕ್ಷ ಪರಿಚಿತರನ್ನು ಈ ರೀತಿ ಸಂಪರ್ಕಿಸಿದರು. ಸಂದೇಶ ಪಡೆದವರು ಅದನ್ನು ಸ್ನೇಹಿತರ ಮಾತೆಂದೇ ಓದಿದರು. ಯಾರಿಗೆ ಕಳುಹಿಸಬೇಕೆಂಬ ಆಯ್ಕೆ ಮಾತ್ರ ಪ್ರಚಾರ ಕಚೇರಿಯ ಗಣಕಯಂತ್ರದ್ದಾಗಿತ್ತು.

ವೈಯಕ್ತಿಕ ಮಾಹಿತಿಯ ದುರ್ಬಳಕೆ

ಸ್ನೇಹಿತರ ಪಟ್ಟಿಗೆ ಇಷ್ಟೊಂದು ಬೆಲೆಯಿರುವಾಗ ಅದು ಅನ್ಯ ಕೈಗಳಿಗೆ ಹೋಗುವುದು ಅನಿರೀಕ್ಷಿತವೇನಲ್ಲ. ಕೇಂಬ್ರಿಜ್ ಅನಲಿಟಿಕಾ ಎಂಬ ಸಂಸ್ಥೆಯ ಪ್ರಕರಣವು 2018ರ ಮಾರ್ಚ್‌ನಲ್ಲಿ ಬೆಳಕಿಗೆ ಬಂದಿತು. ವ್ಯಕ್ತಿತ್ವ ಪರೀಕ್ಷೆಯ ಪ್ರಶ್ನಾವಳಿಯೊಂದಕ್ಕೆ ಫೇಸ್‌ಬುಕ್ ಮೂಲಕ ಉತ್ತರಿಸಿದವರು ಸುಮಾರು 2 ಲಕ್ಷ 70 ಸಾವಿರ ಮಂದಿ. ಆದರೆ ಅವರ ಸ್ನೇಹಿತರ ಪಟ್ಟಿಯ ಮುಖಾಂತರ 8 ಕೋಟಿ 70 ಲಕ್ಷದವರೆಗಿನ ಬಳಕೆದಾರರ ಮಾಹಿತಿ ಸೋರಿಕೆಯಾಗಿರಬಹುದೆಂದು ಫೇಸ್‌ಬುಕ್ ಒಪ್ಪಿಕೊಂಡಿತು. ಭಾರತದಲ್ಲಿ ಪ್ರಶ್ನಾವಳಿಯನ್ನು ಅಳವಡಿಸಿಕೊಂಡವರು ಕೇವಲ 335 ಮಂದಿಯಾದರೆ, ಸ್ನೇಹಿತರ ಪಟ್ಟಿಯ ಕಾರಣ ಬಾಧಿತರಾಗಿರಬಹುದಾದವರು 5,62,120 ಮಂದಿ. 2019ರ ಜುಲೈನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಫೇಸ್‌ಬುಕ್‌ಗೆ 500 ಕೋಟಿ ಡಾಲರ್ ದಂಡ ವಿಧಿಸಿತು. ತಾನು ಏನನ್ನೂ ಒತ್ತಿಲ್ಲ, ಯಾವುದಕ್ಕೂ ಒಪ್ಪಿಗೆ ನೀಡಿಲ್ಲ ಎಂಬ ಕಾರಣಕ್ಕೆ ತನ್ನ ಮಾಹಿತಿ ಸುರಕ್ಷಿತವಾಗಿದೆ ಎಂದು ಯಾರೂ ಭಾವಿಸುವಂತಿಲ್ಲ.

ಭಾರತದಲ್ಲಿ ಅನುಸರಿಸುವ ವಿಧಾನಗಳು

ಭಾರತದಲ್ಲಿ ಈ ಸಂಘಟನೆಯು ಗಣಕಯಂತ್ರಕ್ಕಿಂತ ಮೊಬೈಲ್ ದೂರವಾಣಿಯನ್ನು ಆಶ್ರಯಿಸಿ ಬೆಳೆಯಿತು. ಮಿಸ್ಡ್ ಕಾಲ್ ಇದರ ಮೊದಲ ಮೆಟ್ಟಿಲು. ಪ್ರಕಟಿಸಿದ ಸಂಖ್ಯೆಗೆ ಕರೆ ಮಾಡಿದಾಗ ಎರಡು ಬಾರಿ ರಿಂಗಣಿಸಿ ಕಡಿತಗೊಳ್ಳುತ್ತದೆ. ಕರೆ ಮಾಡಿದವರಿಗೆ ಖರ್ಚಿಲ್ಲ. ಆದರೆ ಅವರ ದೂರವಾಣಿ ಸಂಖ್ಯೆಯು ಆ ಕ್ಷಣದಲ್ಲಿಯೇ ಪಕ್ಷದ ಪಟ್ಟಿಗೆ ಸೇರುತ್ತದೆ. ಆ ಬಳಿಕ ಹೆಸರು, ವಿಧಾನಸಭಾ ಕ್ಷೇತ್ರ, ಮತಗಟ್ಟೆಯ ವಿವರ ಕೇಳುವ ಸಂದೇಶ ಬರುತ್ತದೆ. ಈ ವಿವರ ದೊರೆತ ಮೇಲೆ ಅವರನ್ನು ಮತಗಟ್ಟೆವಾರು ವಾಟ್ಸ್‌ಆಪ್ ಗುಂಪಿಗೆ ಸೇರಿಸಲಾಗುತ್ತದೆ. ರಾಜ್ಯ ಕಚೇರಿಯಲ್ಲಿ ಸಿದ್ಧವಾದ ಚಿತ್ರ ಅಥವಾ ಚಲನಚಿತ್ರ ತುಣುಕು ಜಿಲ್ಲೆ, ತಾಲ್ಲೂಕು, ಮತಗಟ್ಟೆ ಎಂಬ ಕ್ರಮದಲ್ಲಿ ಕೆಳಗಿಳಿದು, ಕೊನೆಗೆ ಕುಟುಂಬದ ಗುಂಪು, ಹಳೆಯ ವಿದ್ಯಾರ್ಥಿಗಳ ಗುಂಪು, ಬಡಾವಣೆಯ ನಿವಾಸಿಗಳ ಗುಂಪುಗಳನ್ನು ತಲುಪುತ್ತದೆ. ಕೊನೆಯ ಹಂತದಲ್ಲಿ ಅದನ್ನು ಕಳುಹಿಸುವವರು ಚಿಕ್ಕಪ್ಪನೋ ಸಹೋದ್ಯೋಗಿಯೋ ಆಗಿರುತ್ತಾರೆ. ಸಂದೇಶದ ಮೂಲವು ಅಲ್ಲಿ ಅಳಿಸಿಹೋಗಿರುತ್ತದೆ.

ಸುಳ್ಳು ವದಂತಿಗಳ ಕಾರಣ ಉಂಟಾದ ಹಿಂಸಾಚಾರದ ಹಿನ್ನೆಲೆಯಲ್ಲಿ, 2018ರ ಜುಲೈನಲ್ಲಿ ವಾಟ್ಸ್‌ಆಪ್ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಕಡೆಗೆ ಮಾತ್ರ ಮುಂದಕ್ಕೆ ಕಳುಹಿಸುವ ಮಿತಿಯನ್ನು ಜಾರಿಗೊಳಿಸಿತು. 2020ರ ಏಪ್ರಿಲ್‌ನಿಂದ, ಅನೇಕ ಬಾರಿ ಕೈ ಬದಲಾದ ಸಂದೇಶವನ್ನು ಒಮ್ಮೆಗೆ ಒಂದು ಕಡೆಗೆ ಮಾತ್ರ ಕಳುಹಿಸಬಹುದಾಗಿದೆ. ಇದೇ ವೇಳೆ ಗುಂಪಿನ ಸದಸ್ಯರ ಗರಿಷ್ಠ ಸಂಖ್ಯೆಯು 256ರಿಂದ 2022ರಲ್ಲಿ 1,024ಕ್ಕೆ ಏರಿರುತ್ತದೆ. ಒಂದು ಕೈಯಿಂದ ಬಿಗಿಗೊಳಿಸಿದ್ದನ್ನು ಇನ್ನೊಂದು ಕೈ ಸಡಿಲಿಸಿದಂತಾಗಿದೆ.

ಭಾರತ ಚುನಾವಣಾ ಆಯೋಗದ ಸೂಚನೆಗಳು

2013ರ ಅಕ್ಟೋಬರ್ 25ರಂದು ಭಾರತ ಚುನಾವಣಾ ಆಯೋಗವು ಸಾಮಾಜಿಕ ಮಾಧ್ಯಮಗಳ ಕುರಿತು ವಿಸ್ತೃತ ಸೂಚನೆಗಳನ್ನು ಹೊರಡಿಸಿತು. ಅದರನ್ವಯ, ಅಭ್ಯರ್ಥಿಗಳು ನಾಮಪತ್ರದೊಂದಿಗೆ ಸಲ್ಲಿಸುವ ನಮೂನೆ-26ರ ಪ್ರಮಾಣಪತ್ರದಲ್ಲಿ ತಮ್ಮ ಅಧಿಕೃತ ಸಾಮಾಜಿಕ ಜಾಲತಾಣ ಖಾತೆಗಳ ವಿವರ ನೀಡತಕ್ಕದ್ದು. ಜಾಲತಾಣಗಳಲ್ಲಿ ಪ್ರಕಟಿಸುವ ರಾಜಕೀಯ ಜಾಹೀರಾತುಗಳಿಗೆ ಮಾಧ್ಯಮ ಪ್ರಮಾಣೀಕರಣ ಮತ್ತು ಉಸ್ತುವಾರಿ ಸಮಿತಿಯಿಂದ ಮುಂಚಿತವಾಗಿ ಪ್ರಮಾಣೀಕರಣ ಪಡೆಯತಕ್ಕದ್ದು. ಸರ್ವೋಚ್ಚ ನ್ಯಾಯಾಲಯದ 2004ರ ಏಪ್ರಿಲ್ 13ರ ಆದೇಶದ ಮೇರೆಗೆ ದೂರದರ್ಶನ ವಾಹಿನಿಗಳಿಗೆ ಆರಂಭವಾದ ವ್ಯವಸ್ಥೆಯ ವಿಸ್ತರಣೆ ಇದಾಗಿರುತ್ತದೆ. ಮಾದರಿ ನೀತಿ ಸಂಹಿತೆಯು ಅಭ್ಯರ್ಥಿಗಳು ಮತ್ತು ಪಕ್ಷಗಳು ಅಂತರ್ಜಾಲದಲ್ಲಿ ಪ್ರಕಟಿಸುವ ವಿಷಯಗಳಿಗೂ ಅನ್ವಯಿಸುತ್ತದೆ.

ಆದರೆ ಅಭ್ಯರ್ಥಿಗಳಾಗಲೀ, ಪಕ್ಷಗಳಾಗಲೀ, ಸಾರ್ವಜನಿಕರಾಗಲೀ ತಮ್ಮ ಸ್ವಂತ ಖಾತೆಯಲ್ಲಿ ಹಣ ಪಾವತಿಸದೆ ಪ್ರಕಟಿಸುವ ಬರಹ, ಚಿತ್ರ, ಅಭಿಪ್ರಾಯಗಳನ್ನು ಜಾಹೀರಾತೆಂದು ಪರಿಗಣಿಸುವುದಿಲ್ಲ ಹಾಗೂ ಅವುಗಳಿಗೆ ಮುಂಚಿತ ಪ್ರಮಾಣೀಕರಣ ಬೇಕಾಗಿರುವುದಿಲ್ಲ. ನಾಗರಿಕರ ಅಭಿವ್ಯಕ್ತಿ ಸ್ವಾತಂತ್ರ್ಯದ ದೃಷ್ಟಿಯಿಂದ ಇದು ಅವಶ್ಯವೇ ಆಗಿದೆ. ಆದರೆ ಮೇಲೆ ವಿವರಿಸಿದ ಮತಗಟ್ಟೆ ಮಟ್ಟದ ಸಂದೇಶಗಳ ಬಹುಪಾಲು ಇದೇ ಬಾಗಿಲಿನಿಂದ ಹಾದುಹೋಗುತ್ತವೆ.

2019ರ ಲೋಕಸಭಾ ಚುನಾವಣೆಗೆ ಮುನ್ನ, ಮಾರ್ಚ್ 20ರಂದು, ಜಾಲತಾಣ ಸಂಸ್ಥೆಗಳು ಆಯೋಗಕ್ಕೆ ಸ್ವಯಂಪ್ರೇರಿತ ನೀತಿ ಸಂಹಿತೆಯನ್ನು ಸಲ್ಲಿಸಿದವು. ಸದರಿ ಚುನಾವಣೆಯಲ್ಲಿ ಆಯೋಗದ ಸೂಚನೆಯಂತೆ ತೆಗೆದುಹಾಕಲಾದ ಪ್ರಕಟಣೆಗಳ ಸಂಖ್ಯೆ 909: ಫೇಸ್‌ಬುಕ್‌ನಿಂದ 650, ಟ್ವಿಟರ್‌ನಿಂದ 220, ಶೇರ್‌ಚಾಟ್‌ನಿಂದ 31, ಯೂಟ್ಯೂಬ್‌ನಿಂದ 5 ಹಾಗೂ ವಾಟ್ಸ್‌ಆಪ್‌ನಿಂದ 3. ವಾಟ್ಸ್‌ಆಪ್‌ನ ಸಂಖ್ಯೆ ಕೇವಲ 3 ಇರುವುದು ಅಲ್ಲಿ ಉಲ್ಲಂಘನೆ ಇರಲಿಲ್ಲವೆಂಬುದರ ಸೂಚನೆಯಲ್ಲ. ಖಾಸಗಿ ಗುಂಪಿನ ಒಳಗೆ ನಡೆಯುವುದು ಹೊರಗಿನವರಿಗೆ ಕಾಣುವುದಿಲ್ಲ, ಅಷ್ಟೆ.

2024ರ ಮೇ 6ರಂದು ಆಯೋಗವು, ತಿರುಚಿದ ಅಥವಾ ಕೃತಕ ಬುದ್ಧಿಮತ್ತೆಯಿಂದ ಸೃಷ್ಟಿಸಿದ ಸುಳ್ಳು ದೃಶ್ಯ, ಧ್ವನಿಗಳು ಗಮನಕ್ಕೆ ಬಂದ 3 ಗಂಟೆಗಳೊಳಗೆ ಅವುಗಳನ್ನು ತೆಗೆದುಹಾಕುವಂತೆ ರಾಜಕೀಯ ಪಕ್ಷಗಳಿಗೆ ನಿರ್ದೇಶನ ನೀಡಿತು.

ವೆಚ್ಚದ ಲೆಕ್ಕ

ಪ್ರಜಾ ಪ್ರಾತಿನಿಧ್ಯ ಅಧಿನಿಯಮ, 1951ರ ಪ್ರಕರಣ 77(1)ರ ಮೇರೆಗೆ ಪ್ರತಿಯೊಬ್ಬ ಅಭ್ಯರ್ಥಿಯು ನಾಮಪತ್ರ ಸಲ್ಲಿಸಿದ ದಿನಾಂಕದಿಂದ ಫಲಿತಾಂಶ ಘೋಷಣೆಯಾಗುವ ದಿನಾಂಕದವರೆಗಿನ ವೆಚ್ಚದ ಪ್ರತ್ಯೇಕ ಹಾಗೂ ಸರಿಯಾದ ಲೆಕ್ಕವನ್ನು ಇಡತಕ್ಕದ್ದು. 2022ರ ಜನವರಿಯಲ್ಲಿ ಪರಿಷ್ಕರಿಸಿದಂತೆ, ಕರ್ನಾಟಕದಲ್ಲಿ ವೆಚ್ಚದ ಮಿತಿಯು ಲೋಕಸಭಾ ಕ್ಷೇತ್ರಕ್ಕೆ 95 ಲಕ್ಷ ರೂಪಾಯಿ ಹಾಗೂ ವಿಧಾನಸಭಾ ಕ್ಷೇತ್ರಕ್ಕೆ 40 ಲಕ್ಷ ರೂಪಾಯಿ ಆಗಿರುತ್ತದೆ. 2013ರ ಸೂಚನೆಗಳ ಪ್ರಕಾರ ಈ ಲೆಕ್ಕದಲ್ಲಿ ಅಂತರ್ಜಾಲ ಸಂಸ್ಥೆಗಳಿಗೆ ಪಾವತಿಸಿದ ಜಾಹೀರಾತು ಶುಲ್ಕವಷ್ಟೇ ಅಲ್ಲದೆ, ಬರಹ ಮತ್ತು ಚಿತ್ರಗಳ ತಯಾರಿಕೆಯ ಖರ್ಚು ಹಾಗೂ ಖಾತೆಗಳ ನಿರ್ವಹಣೆಗೆ ನೇಮಿಸಿದ ಸಿಬ್ಬಂದಿಯ ಸಂಬಳವೂ ಸೇರತಕ್ಕದ್ದು.

ಉದಾಹರಣೆಗೆ, ಅಭ್ಯರ್ಥಿಯೊಬ್ಬರು ಬಾಡಿಗೆ ಕೊಠಡಿಯೊಂದರಲ್ಲಿ ಮೂವರನ್ನು ಸಂಬಳಕ್ಕೆ ನೇಮಿಸಿ ಪ್ರಚಾರದ ಚಿತ್ರಗಳನ್ನು ಸಿದ್ಧಪಡಿಸಿ ಹಂಚಿಸಿದರೆ, ಕೊಠಡಿಯ ಬಾಡಿಗೆ, ಸಂಬಳ, ಗಣಕಯಂತ್ರದ ಬಾಡಿಗೆ, ಅಂತರ್ಜಾಲ ಸಂಪರ್ಕದ ಶುಲ್ಕ ಎಲ್ಲವೂ ದೈನಂದಿನ ಲೆಕ್ಕದ ಪುಸ್ತಕಕ್ಕೆ ಬರಬೇಕು. ಈ ಪುಸ್ತಕವನ್ನು ಪ್ರಚಾರದ ಅವಧಿಯಲ್ಲಿ ಕನಿಷ್ಠ ಮೂರು ಬಾರಿ ತಪಾಸಣೆಗೆ ಹಾಜರುಪಡಿಸಬೇಕಾಗುತ್ತದೆ. ವೆಚ್ಚ ವೀಕ್ಷಕರ ಮೇಲ್ವಿಚಾರಣೆಯಲ್ಲಿ ಇಡುವ ನೆರಳು ವೀಕ್ಷಣಾ ಪುಸ್ತಕದೊಡನೆ ಅದನ್ನು ತಾಳೆ ನೋಡಲಾಗುತ್ತದೆ.

ಇಲ್ಲಿ ಮೂರು ಕೊರತೆಗಳನ್ನು ಗುರುತಿಸಬಹುದು. ಮೊದಲನೆಯದಾಗಿ, ಲೆಕ್ಕವು ಆರಂಭವಾಗುವುದು ನಾಮಪತ್ರ ಸಲ್ಲಿಸಿದ ದಿನದಿಂದ. ಲಕ್ಷಾಂತರ ಅನುಯಾಯಿಗಳಿರುವ ಪುಟವನ್ನಾಗಲೀ ದೂರವಾಣಿ ಸಂಖ್ಯೆಗಳ ಪಟ್ಟಿಯನ್ನಾಗಲೀ ಒಂದೆರಡು ವರ್ಷ ಮೊದಲೇ ಖರ್ಚು ಮಾಡಿ ಕಟ್ಟಿದ್ದರೆ, ವಾಣಿಜ್ಯ ಪರಿಭಾಷೆಯಲ್ಲಿ ಹೇಳುವುದಾದರೆ, ಬಂಡವಾಳ ವೆಚ್ಚವು ಲೆಕ್ಕದ ಪುಸ್ತಕ ತೆರೆಯುವ ಮೊದಲೇ ಮುಗಿದಿರುತ್ತದೆ. ಆ ಆಸ್ತಿಯ ಫಲವು ಮಾತ್ರ ಪ್ರಚಾರದ ಅವಧಿಯಲ್ಲಿ ದೊರೆಯುತ್ತದೆ. ಎರಡನೆಯದಾಗಿ, ಅಭ್ಯರ್ಥಿಗೆ ಮಿತಿಯಿರುವಂತೆ ರಾಜಕೀಯ ಪಕ್ಷಕ್ಕೆ ವೆಚ್ಚದ ಮಿತಿ ಇರುವುದಿಲ್ಲ. ಪಕ್ಷಗಳು ವಿಧಾನಸಭಾ ಚುನಾವಣೆಯ ಬಳಿಕ 75 ದಿನಗಳೊಳಗೆ ಹಾಗೂ ಲೋಕಸಭಾ ಚುನಾವಣೆಯ ಬಳಿಕ 90 ದಿನಗಳೊಳಗೆ ವಿವರಣಾ ಪಟ್ಟಿ ಸಲ್ಲಿಸಿದರೆ ಸಾಕು.

ಮೂರನೆಯದು ಬೆಂಬಲಿಗರ ಸ್ವಂತ ಖರ್ಚಿನ ವಿಷಯ. ಅಭ್ಯರ್ಥಿಯ ಲಿಖಿತ ಅನುಮತಿಯಿಲ್ಲದೆ ಅವರ ಗೆಲುವಿಗಾಗಿ ಜಾಹೀರಾತು, ಪ್ರಕಟಣೆ ಮುಂತಾದವುಗಳಿಗೆ ಅನ್ಯರು ಹಣ ವ್ಯಯಿಸುವುದು ಅಪರಾಧವಾಗಿದೆ. 1920ರಲ್ಲಿ ಭಾರತ ದಂಡ ಸಂಹಿತೆಗೆ ಪ್ರಕರಣ 171-ಎಚ್ ಆಗಿ ಸೇರಿದ ಈ ಉಪಬಂಧವು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ ಪ್ರಕರಣ 176ರ ರೂಪದಲ್ಲಿ ಜಾರಿಯಲ್ಲಿದೆ. ದಂಡದ ಗರಿಷ್ಠ ಮೊತ್ತವನ್ನು 500 ರೂಪಾಯಿಯಿಂದ 10 ಸಾವಿರ ರೂಪಾಯಿಗೆ ಹೆಚ್ಚಿಸಲಾಗಿದೆ. ಆದರೆ 10 ರೂಪಾಯಿ ಮೀರದ ಖರ್ಚಿಗೆ 10 ದಿನಗಳೊಳಗೆ ಅಭ್ಯರ್ಥಿಯ ಒಪ್ಪಿಗೆ ಪಡೆದರೆ ವಿನಾಯಿತಿ ಎಂಬ ಪರಂತುಕವು ಹಾಗೆಯೇ ಮುಂದುವರಿದಿದೆ. ನೂರು ವರ್ಷಗಳ ಹಿಂದೆ 10 ರೂಪಾಯಿಗೆ ಗಣನೀಯ ಸಂಖ್ಯೆಯ ಕರಪತ್ರ ಮುದ್ರಿಸಬಹುದಿತ್ತು. ಇಂದು ಒಂದು ಪೈಸೆಯ ಹೆಚ್ಚುವರಿ ಖರ್ಚಿಲ್ಲದೆ ಸಾವಿರ ಮಂದಿಗೆ ಸಂದೇಶ ಕಳುಹಿಸಬಹುದಾಗಿದೆ. ಖರ್ಚನ್ನೇ ಅಳತೆಗೋಲನ್ನಾಗಿ ಇಟ್ಟುಕೊಂಡ ಕಾನೂನಿಗೆ ಈ ಕೆಲಸವು ಕಾಣುವುದೇ ಇಲ್ಲ.

ಮತದಾನ ಪೂರ್ವದ 48 ಗಂಟೆಗಳು

ಅಧಿನಿಯಮದ ಪ್ರಕರಣ 126ರ ಅನ್ವಯ, ಮತದಾನ ಮುಕ್ತಾಯಕ್ಕೆ ನಿಗದಿಪಡಿಸಿದ ಸಮಯಕ್ಕೆ ಮುಂಚಿನ 48 ಗಂಟೆಗಳಲ್ಲಿ ಸಂಬಂಧಿತ ಮತಕ್ಷೇತ್ರದಲ್ಲಿ ಬಹಿರಂಗ ಸಭೆ, ಮೆರವಣಿಗೆಗಳನ್ನೂ, ಚಲನಚಿತ್ರ, ದೂರದರ್ಶನ ಮತ್ತು ಅಂತಹ ಇತರ ಸಾಧನಗಳ ಮೂಲಕ ಚುನಾವಣಾ ವಿಷಯದ ಪ್ರದರ್ಶನವನ್ನೂ ನಿಷೇಧಿಸಲಾಗಿದೆ. ಮತದಾರರು ಗದ್ದಲವಿಲ್ಲದೆ ಯೋಚಿಸಲಿ ಎಂಬುದು ಇದರ ಉದ್ದೇಶ.

2024ರ ಲೋಕಸಭಾ ಚುನಾವಣೆಯು ಕರ್ನಾಟಕದಲ್ಲಿ ಎರಡು ಹಂತಗಳಲ್ಲಿ ನಡೆಯಿತು. ಮೈಸೂರು, ಮಂಡ್ಯ, ತುಮಕೂರು, ಬೆಂಗಳೂರು ಮುಂತಾದ 14 ಕ್ಷೇತ್ರಗಳಿಗೆ ಏಪ್ರಿಲ್ 26ರಂದು, ಬೆಳಗಾವಿ, ಧಾರವಾಡ, ಕಲಬುರಗಿ, ಬಳ್ಳಾರಿ ಮುಂತಾದ ಉಳಿದ 14 ಕ್ಷೇತ್ರಗಳಿಗೆ ಮೇ 7ರಂದು ಮತದಾನ ನಡೆಯಿತು. ಏಪ್ರಿಲ್ 24ರ ಸಂಜೆ ಮಂಡ್ಯದಲ್ಲಿ ಧ್ವನಿವರ್ಧಕಗಳು ಸ್ತಬ್ಧವಾಗಬೇಕಾಗಿದ್ದಾಗ ಧಾರವಾಡದಲ್ಲಿ ಪ್ರಚಾರಕ್ಕೆ ಯಾವುದೇ ಅಡ್ಡಿ ಇರಲಿಲ್ಲ. ಧಾರವಾಡದ ಸಭೆಯಲ್ಲಿ ಆಡಿದ ಮಾತು ಅದೇ ಕ್ಷಣದಲ್ಲಿ ಮಂಡ್ಯದ ದೂರವಾಣಿಯಲ್ಲಿ ಕೇಳಿಬರುವುದನ್ನು ಕ್ಷೇತ್ರದ ಗಡಿಯು ತಡೆಯಲಾರದು. ಮತಕ್ಷೇತ್ರದ ಗಡಿಯನ್ನು ಆಧರಿಸಿದ ನಿಷೇಧವನ್ನು ಗಡಿಯಿಲ್ಲದ ಮಾಧ್ಯಮಕ್ಕೆ ಅನ್ವಯಿಸುವ ತೊಡಕು ಇದಾಗಿದೆ. ಉಪ ಚುನಾವಣಾ ಆಯುಕ್ತ ಉಮೇಶ್ ಸಿನ್ಹಾ ಅವರ ಅಧ್ಯಕ್ಷತೆಯ ಸಮಿತಿಯು 2019ರ ಜನವರಿಯಲ್ಲಿ ಸಲ್ಲಿಸಿದ ವರದಿಯಲ್ಲಿ ಈ ಪ್ರಕರಣವನ್ನು ಪರಿಶೀಲಿಸಿತ್ತು. ಅದರ ಶಿಫಾರಸಿನಂತೆ, ಪ್ರಕರಣ 126ರ ಉಲ್ಲಂಘನೆಯ ಬಗ್ಗೆ ಸೂಚನೆ ಬಂದ 3 ಗಂಟೆಗಳೊಳಗೆ ಕ್ರಮ ಕೈಗೊಳ್ಳಲು ಜಾಲತಾಣ ಸಂಸ್ಥೆಗಳು ಸ್ವಯಂಪ್ರೇರಿತ ಸಂಹಿತೆಯಲ್ಲಿ ಒಪ್ಪಿಕೊಂಡಿರುತ್ತವೆ.

ಸಾರ್ವಜನಿಕರ ಗಮನಕ್ಕೆ

ಮುದ್ರಿತ ಕರಪತ್ರದ ಮೇಲೆ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರತಕ್ಕದ್ದೆಂದು ಪ್ರಕರಣ 127-ಎ ವಿಧಿಸುತ್ತದೆ. ದೂರವಾಣಿಗೆ ಬರುವ ಚಿತ್ರ, ತುಣುಕುಗಳಲ್ಲಿಯೂ ಯಾರು ತಯಾರಿಸಿದ್ದೆಂಬುದನ್ನು ಹುಡುಕುವ ಅಭ್ಯಾಸವನ್ನು ಮತದಾರರು ಬೆಳೆಸಿಕೊಳ್ಳುವುದು ಅಪೇಕ್ಷಣೀಯ. ಕಳುಹಿಸಿದವರು ಪರಿಚಿತರು ಎಂಬುದು ತಯಾರಿಸಿದವರು ಯಾರೆಂಬ ಪ್ರಶ್ನೆಗೆ ಉತ್ತರವಲ್ಲ. ಅನುಮತಿಯಿಲ್ಲದೆ ಗುಂಪುಗಳಿಗೆ ಸೇರಿಸುವುದನ್ನು ತಡೆಯುವ ಸೌಲಭ್ಯವು 2019ರ ಏಪ್ರಿಲ್‌ನಿಂದ ವಾಟ್ಸ್‌ಆಪ್‌ನ ಗೌಪ್ಯತೆ ವಿಭಾಗದಲ್ಲಿ ಲಭ್ಯವಿರುತ್ತದೆ.

ನೀತಿ ಸಂಹಿತೆಯ ಉಲ್ಲಂಘನೆಯನ್ನು ಸಿ-ವಿಜಿಲ್ ತಂತ್ರಾಂಶದ ಮೂಲಕ ವರದಿ ಮಾಡಬಹುದು. ಆದರೆ ಈ ತಂತ್ರಾಂಶವು ಸ್ಥಳದಲ್ಲಿಯೇ ತೆಗೆದ ಛಾಯಾಚಿತ್ರ ಅಥವಾ ದೃಶ್ಯವನ್ನು ಮಾತ್ರ ಸ್ವೀಕರಿಸುತ್ತದೆ. ದೂರವಾಣಿಯಲ್ಲಿ ಮೊದಲೇ ಉಳಿಸಿಕೊಂಡ ಚಿತ್ರವನ್ನು ಸ್ವೀಕರಿಸುವುದಿಲ್ಲ. ಆದುದರಿಂದ ಆಕ್ಷೇಪಾರ್ಹ ಸಂದೇಶಗಳ ಕುರಿತು ಲಿಖಿತ ದೂರನ್ನು, ಸಂದೇಶ ಬಂದ ದಿನಾಂಕ, ಸಮಯ ಮತ್ತು ಗುಂಪಿನ ಹೆಸರಿನೊಂದಿಗೆ, ಚುನಾವಣಾಧಿಕಾರಿಗಳಿಗೆ ಅಥವಾ ಜಿಲ್ಲಾ ಮಾಧ್ಯಮ ಪ್ರಮಾಣೀಕರಣ ಮತ್ತು ಉಸ್ತುವಾರಿ ಸಮಿತಿಗೆ ಸಲ್ಲಿಸುವುದು ಸೂಕ್ತ. ಮತದಾರರ ಸಹಾಯವಾಣಿ ಸಂಖ್ಯೆ 1950.

ಅಭ್ಯರ್ಥಿಗಳು ಫಲಿತಾಂಶ ಘೋಷಣೆಯಾದ 30 ದಿನಗಳೊಳಗೆ ವೆಚ್ಚದ ಲೆಕ್ಕವನ್ನು ಜಿಲ್ಲಾ ಚುನಾವಣಾಧಿಕಾರಿಗಳಿಗೆ ಸಲ್ಲಿಸತಕ್ಕದ್ದು. ಸಕಾರಣವಿಲ್ಲದೆ ತಪ್ಪಿದಲ್ಲಿ ಪ್ರಕರಣ 10-ಎ ಮೇರೆಗೆ ಮೂರು ವರ್ಷಗಳ ಅವಧಿಗೆ ಅನರ್ಹಗೊಳಿಸಬಹುದಾಗಿದೆ. ಸಲ್ಲಿಕೆಯಾದ ಲೆಕ್ಕವು ಗೋಪ್ಯ ದಾಖಲೆಯಲ್ಲ. ಚುನಾವಣೆಗಳ ನಿರ್ವಹಣಾ ನಿಯಮಗಳು, 1961ರ ನಿಯಮ 88ರ ಪ್ರಕಾರ ಯಾವುದೇ ವ್ಯಕ್ತಿಯು ಒಂದು ರೂಪಾಯಿ ಶುಲ್ಕ ಪಾವತಿಸಿ ಅದನ್ನು ಪರಿಶೀಲಿಸಬಹುದಾಗಿದ್ದು, ನಿಗದಿತ ಶುಲ್ಕ ಪಾವತಿಸಿ ದೃಢೀಕೃತ ಪ್ರತಿಯನ್ನು ಪಡೆಯಬಹುದಾಗಿದೆ. ತಮ್ಮ ಕ್ಷೇತ್ರದ ಅಭ್ಯರ್ಥಿಗಳು ಸಾಮಾಜಿಕ ಜಾಲತಾಣಗಳ ಬಾಬ್ತು ಎಷ್ಟು ಮೊತ್ತ ತೋರಿಸಿದ್ದಾರೆಂಬುದನ್ನು, ಪ್ರಚಾರದ ದಿನಗಳಲ್ಲಿ ತಮ್ಮ ದೂರವಾಣಿಗೆ ಬಂದ ಸಂದೇಶಗಳೊಡನೆ ಇಟ್ಟು ನೋಡಲು ಆಸಕ್ತರು ಜಿಲ್ಲಾ ಚುನಾವಣಾಧಿಕಾರಿಗಳ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು.